ಹೊಟ್ಟಿನ ಚೀಲ, ಜೋಳದ ಚೀಲ

ನಾನು ಐದನೇ ಕ್ಲಾಸಿನಲ್ಲಿದ್ದಾಗ ದಾವಣಗೆರೆಯ ಮಾರುಕಟ್ಟೆ ಅಂಗಳದಲ್ಲಿ ಅಂಗಾತ ಬಿದ್ದಿದ್ದೆ. ಕಲ್ಲು ಎಡವಿ ಬಿದ್ದದ್ದಲ್ಲ, ಚೀಲ ಎತ್ತಲು ಹೋಗಿ ಬಿದ್ದದ್ದು. ಚೀಲ ಭಾರವಾಗಿತ್ತು ಅಂದುಕೊಂಡಿರಾ? ಅದು ಹಗುರವಾಗಿತ್ತು, ಅದಕ್ಕೇ ಬಿದ್ದೆ.

ಅಪ್ಪ ಮೆಕ್ಕೆಜೋಳ ಮಾರಲು ಹೋದಾಗ ನಾನೂ ಟ್ರ್ಯಾಕ್ಟರ್ ಹತ್ತಿ ಹೋಗಿದ್ದೆ. ಅಂಗಳದ ತುಂಬ ಜೋಳದ ಹಳದಿ ರಾಶಿ. ಹಮಾಲರು ನಾಲ್ಕು ಜನ ಚಹಾ ಕುಡಿಯುತ್ತ ಕೂತಿದ್ದರು. ಅವರಲ್ಲೊಬ್ಬ ನನ್ನನ್ನು ನೋಡಿ, "ಏನಲೇ ತಮ್ಮಾ, ನಿಮ್ಮಪ್ಪ ಹೊಟ್ಟೆಗೆ ಹಾಕ್ತಾನೋ ಇಲ್ಲೋ? ಆ ಚೀಲ ಒಂದೀಟು ಎತ್ತು ನೋಡಾಣ" ಅಂದ. ಮೂಲೆಯಲ್ಲಿ ನನ್ನಷ್ಟೇ ಎತ್ತರದ, ಉಬ್ಬಿ ಒಡೆಯುವಂತಿದ್ದ ಗೋಣಿಚೀಲ ನಿಂತಿತ್ತು. ನಾನು ಅಂಗೈಗೆ ಉಗುಳು ಹಚ್ಚಿಕೊಂಡು, ಹಲ್ಲು ಕಚ್ಚಿ, ಚೀಲವನ್ನು ತಬ್ಬಿ ಜಗ್ಗಿದೆ. ಚೀಲ ಗಾಳಿಗೆ ಹಾರಿದ ಹಾಗೆ ಮೇಲೆ ಬಂತು. ನಾನು ಹಿಂದಕ್ಕೆ ಬಿದ್ದೆ, ಚೀಲ ನನ್ನ ಮೇಲೆ ಬಿತ್ತು. ಒಳಗಿದ್ದದ್ದು ಬರೀ ಶೇಂಗಾ ಹೊಟ್ಟು!

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಪೈಕಿ ವಯಸ್ಸಾದ ಒಬ್ಬ ಅಜ್ಜ ಮಾತ್ರ ಎದ್ದು ಬಂದು, ನನ್ನ ಅಂಗಿಯ ಧೂಳು ಕೊಡವಿ ಹೇಳಿದ: "ಕಣ್ಣಾಗೆ ತೂಕ ಮಾಡಬಾರ್ದು ತಮ್ಮಾ. ಮೊದ್ಲು ಕಾಲಾಗೆ ಕೇಳ್ಬೇಕು." ಪಕ್ಕದ ಜೋಳದ ಚೀಲವನ್ನು ಪಾದದಿಂದ ಮೆಲ್ಲಗೆ ನೂಕಿ ತೋರಿಸಿದ. ಅದು ಅಲುಗಲಿಲ್ಲ. ಹೊಟ್ಟಿನ ಚೀಲವನ್ನು ನೂಕಿದ. ಅದು ಉರುಳಿಕೊಂಡು ಹೋಯಿತು.

ಅಜ್ಜ ಶಾಲೆಗೆ ಹೋದವನಲ್ಲ. ಆದರೆ ಅವನು ಹೇಳಿದ್ದು ಒಳ್ಳೆಯ ವಿಜ್ಞಾನ. ನೀವು ಒಂದು ವಸ್ತುವಿಗೆ ಕೈ ಹಾಕುವ ಮೊದಲೇ ನಿಮ್ಮ ಮೆದುಳು ಅದನ್ನು ನೋಡಿ, "ಇದಕ್ಕೆ ಇಷ್ಟು ಬಲ ಬೇಕು" ಎಂದು ಲೆಕ್ಕ ಹಾಕಿ ಸ್ನಾಯುಗಳಿಗೆ ಅಪ್ಪಣೆ ಕೊಟ್ಟುಬಿಟ್ಟಿರುತ್ತದೆ. ಲೆಕ್ಕ ತಪ್ಪಿದರೆ ಹಗುರ ವಸ್ತು ನಿಮ್ಮನ್ನು ಕೆಡವುತ್ತದೆ, ಭಾರದ ವಸ್ತು ಸೊಂಟ ಹಿಡಿಸುತ್ತದೆ. ಈ ಲೆಕ್ಕ ಎಷ್ಟು ಹಟಮಾರಿ ಅಂತ ಮನೆಯಲ್ಲೇ ನೋಡಬಹುದು. ಒಂದು ದೊಡ್ಡ ಡಬ್ಬ, ಒಂದು ಚಿಕ್ಕ ಡಬ್ಬ ತಗೊಳ್ಳಿ. ಅಕ್ಕಿಯೋ ಮರಳೋ ಹಾಕಿ ಎರಡನ್ನೂ ತಕ್ಕಡಿಯಲ್ಲಿ ಸರಿಸಮ ತೂಗಿಸಿ. ಈಗ ಒಂದೊಂದಾಗಿ ಎತ್ತಿ. ಚಿಕ್ಕ ಡಬ್ಬವೇ ಹೆಚ್ಚು ಭಾರ ಅನ್ನಿಸುತ್ತದೆ! ಎರಡೂ ಸಮ ಎಂದು ನಿಮಗೆ ಗೊತ್ತಿದ್ದರೂ ಹಾಗೇ ಅನ್ನಿಸುತ್ತದೆ. ಫ್ರಾನ್ಸಿನ ಶಾರ್ಪಾಂತಿಯೆ ಎಂಬ ವೈದ್ಯ 1891ರಲ್ಲೇ ಇದರ ಬಗ್ಗೆ ಬರೆದಿಟ್ಟಿದ್ದಾನೆ. ನಮ್ಮ ಹಮಾಲ ಅಜ್ಜನಿಗೆ ಆ ವೈದ್ಯನ ಹೆಸರು ಗೊತ್ತಿರಲಿಲ್ಲ, ಅಜ್ಜನ ಪಾದಕ್ಕೆ ವಿಷಯ ಗೊತ್ತಿತ್ತು.

ಇನ್ನು ನಿಜವಾದ ಚೀಲಕ್ಕೆ ಬರೋಣ. ಒಂದು ಚೀಲ ಅಕ್ಕಿ, ಒಂದು ಚೀಲ ಸಿಮೆಂಟು ಅಂದರೆ ಸಾಮಾನ್ಯವಾಗಿ 50 ಕೆಜಿ. ನಿಮ್ಮಂಥ ಇಬ್ಬರು ಮಕ್ಕಳನ್ನು ಒಟ್ಟಿಗೆ ಹೊತ್ತ ಹಾಗೆ. ಅದನ್ನು ಹಮಾಲರು ದಿನವಿಡೀ ಹೇಗೆ ಎತ್ತುತ್ತಾರೆ? "ಶಕ್ತಿ ಇದೆ, ಎತ್ತುತ್ತಾರೆ" ಅಂದರೆ ಅರ್ಧ ಉತ್ತರ.

ಒಂದು ಲೀಟರಿನ ನೀರಿನ ಬಾಟಲಿ ತುಂಬಿಸಿಕೊಂಡು ಬನ್ನಿ. ಅದರ ತೂಕ ಹೆಚ್ಚುಕಡಿಮೆ 1 ಕೆಜಿ. ಮೊದಲು ಎದೆಗೆ ಒತ್ತಿ ಹಿಡಿದುಕೊಂಡು ಐವತ್ತರವರೆಗೆ ಎಣಿಸಿ. ಏನೂ ಅನ್ನಿಸುವುದಿಲ್ಲ. ಈಗ ಕೈಯನ್ನು ನೇರ ಮುಂದಕ್ಕೆ ಚಾಚಿ ಹಿಡಿದು ಮತ್ತೆ ಎಣಿಸಿ. ಮೂವತ್ತಕ್ಕೆಲ್ಲ ತೋಳು ನಡುಗಲು ಶುರು. ಬಾಟಲಿಗೆ ಒಂದು ಹನಿ ನೀರೂ ಸೇರಿಲ್ಲ. ಸೇರಿದ್ದು ದೂರ.

ಸೀಸಾ ಆಟ ಆಡಿದ್ದೀರಲ್ಲ? ನಡುವೆ ಆಧಾರ, ಎರಡು ಕಡೆ ಹಲಗೆ. ತುದಿಯಲ್ಲಿ ಕೂತ ಪುಟ್ಟ ತಂಗಿ, ಆಧಾರದ ಹತ್ತಿರ ಕೂತ ದಪ್ಪ ಅಣ್ಣನನ್ನು ಮೇಲೆತ್ತಿಬಿಡುತ್ತಾಳೆ. ನಿಮ್ಮ ಸೊಂಟವೂ ಅಂಥದೇ ಒಂದು ಸೀಸಾ. ಬೆನ್ನುಮೂಳೆಯ ಕೆಳಗಿನ ಮಣಿಗಳೇ ಆಧಾರ. ಮುಂದಿನ ಕಡೆ ನೀವು ಹಿಡಿದ ಭಾರ. ಹಿಂದಿನ ಕಡೆ ಅದನ್ನು ಜಗ್ಗಿ ಹಿಡಿಯುವ ಬೆನ್ನಿನ ಸ್ನಾಯುಗಳು. ಪಾಪ, ಆ ಸ್ನಾಯುಗಳು ಮೂಳೆಗೆ ಅಂಟಿಕೊಂಡೇ ಇವೆ. ಆಧಾರದಿಂದ ಅವಕ್ಕೆ ಸುಮಾರು 5 ಸೆಂಟಿಮೀಟರ್ ಅಷ್ಟೇ ಜಾಗ. ಭಾರವೋ ನಿಮ್ಮ ಚಾಚಿದ ಕೈಯಲ್ಲಿ, 50 ಸೆಂಟಿಮೀಟರ್ ಆಚೆ.

ಲೆಕ್ಕ ಹಾಕಿ. ಭಾರ ಹತ್ತು ಪಟ್ಟು ದೂರದಲ್ಲಿದೆ. ಆದ್ದರಿಂದ ಸ್ನಾಯು ಹತ್ತು ಪಟ್ಟು ಜಗ್ಗಬೇಕು. 10 ಕೆಜಿಯ ಬಕೆಟ್ ಹಿಡಿದರೆ ಸ್ನಾಯುವಿನ ಜಗ್ಗಾಟ 100 ಕೆಜಿ ಹೊತ್ತಷ್ಟು. ನಡುವೆ ಸಿಕ್ಕಿಕೊಂಡ ಮೂಳೆಯ ಮೇಲೆ ಎರಡೂ ಸೇರಿ 110! ಅದೇ ಬಕೆಟ್ಟನ್ನು ಮೈಗೆ ಹತ್ತಿರ, 20 ಸೆಂಟಿಮೀಟರ್ ದೂರದಲ್ಲಿ ಹಿಡಿಯಿರಿ: ಸ್ನಾಯುವಿಗೆ 40, ಮೂಳೆಗೆ 50. ಬಕೆಟ್ ಅದೇ, ನೀರು ಅದೇ, ಸೊಂಟದ ಪಾಲಿಗೆ ಅರ್ಧಕ್ಕಿಂತ ಕಡಿಮೆ. ಇನ್ನೊಂದು ಮರೆಯಬೇಡಿ. ಕಾಲು ನೇರ ಇಟ್ಟು ಸೊಂಟ ಬಗ್ಗಿಸಿದರೆ ನಿಮ್ಮ ತಲೆ, ಎದೆ, ತೋಳುಗಳೂ ಮುಂದಕ್ಕೆ ಬಾಗಿ ಭಾರದ ಪಕ್ಷ ಸೇರಿಕೊಳ್ಳುತ್ತವೆ. ಅವೇ ಮೈತೂಕದ ಅರ್ಧದಷ್ಟು. ನೆಲದ ಮೇಲಿನ ಪೆನ್ಸಿಲ್ ಎತ್ತಲು ಹೋಗಿ ಸೊಂಟ ಹಿಡಿದುಕೊಂಡ ದೊಡ್ಡವರನ್ನು ನೋಡಿ ನಗಬೇಡಿ. ಅವರು ಪೆನ್ಸಿಲ್ ಮಾತ್ರ ಎತ್ತಲಿಲ್ಲ, ತಮ್ಮನ್ನೇ ಅರ್ಧ ಎತ್ತಿಕೊಂಡರು.

ಈ ಬೆನ್ನುಮೂಳೆ ಒಂದೇ ಕೋಲಲ್ಲ, ಸರದ ಹಾಗೆ ಪೋಣಿಸಿದ ಮಣಿಗಳ ಸಾಲು. ಹುಟ್ಟಿದಾಗ 33 ಮಣಿ. ಬೆಳೆಯುತ್ತ ಕೆಳಗಿನ ಕೆಲವು ಬೆಸೆದುಕೊಂಡು ದೊಡ್ಡವರಿಗೆ 26 ಆಗುತ್ತವೆ. ಮಣಿಗಳ ನಡುವೆ ಮೆತ್ತೆಯಂಥ ಬಿಲ್ಲೆಗಳಿವೆ, ಒಟ್ಟು 23. ಬಿಲ್ಲೆ ಹೇಗಿದೆ ಅಂದರೆ, ಹೋಳಿಗೆ ಇದ್ದ ಹಾಗೆ. ಹೊರಗೆ ಗಟ್ಟಿಯಾದ ಕಣಕ, ಒಳಗೆ ಮೆತ್ತನೆಯ ಹೂರಣ. ಈ ಹೂರಣದಲ್ಲಿ ಬಹುಪಾಲು ನೀರು. ತಟ್ಟದ ಹೋಳಿಗೆ ಉಂಡೆಯ ಒಂದು ಬದಿಯನ್ನು ಹೆಬ್ಬೆರಳಿಂದ ಒತ್ತಿದರೆ ಏನಾಗುತ್ತದೆ? ಹೂರಣ ಇನ್ನೊಂದು ಬದಿಗೆ ಜರುಗುತ್ತದೆ, ಕಣಕ ತೆಳ್ಳಗಿದ್ದರೆ ಹರಿದು ಹೊರಗೆ ಇಣುಕುತ್ತದೆ. ಮುಂದಕ್ಕೆ ಬಗ್ಗಿ ಭಾರ ಎತ್ತಿದಾಗ ಬಿಲ್ಲೆಯ ಮುಂಬದಿ ಅದುಮಿ, ಹೂರಣ ಹಿಂದಕ್ಕೆ ಸರಿಯುತ್ತದೆ. ಹಿಂದೆಯೇ ಕಾಲಿಗೆ ಹೋಗುವ ನರಗಳು! ಹೂರಣ ಅಲ್ಲಿಗೆ ಚುಚ್ಚಿದರೆ ನೋವು ಸೊಂಟದಿಂದ ಪಾದದವರೆಗೂ ಇಳಿಯುತ್ತದೆ. ದೊಡ್ಡವರು "ಸ್ಲಿಪ್ ಡಿಸ್ಕ್" ಅನ್ನುತ್ತಾರಲ್ಲ, ಅದೇ ಇದು. ಹೆಸರು ಏನೇ ಇರಲಿ, ಬಿಲ್ಲೆ ಜಾರಿ ಎಲ್ಲೂ ಹೋಗಿರುವುದಿಲ್ಲ, ಹೂರಣ ಹೊರಬಂದಿರುತ್ತದೆ. ಬಗ್ಗಿ ಎತ್ತಿ, ಎತ್ತಿದ್ದರಲ್ಲೇ ಸೊಂಟ ತಿರುಚಿದರೆ ಕಣಕಕ್ಕೆ ಇನ್ನೂ ಕಷ್ಟ. ತಿರುಗಬೇಕಾದರೆ ಪಾದ ತಿರುಗಿಸಿ, ಸೊಂಟ ತಾನಾಗಿ ಬರುತ್ತದೆ.

ಬಿಲ್ಲೆಯೊಳಗೆ ಒತ್ತಡ ಎಷ್ಟಿರುತ್ತದೆ ಎಂದು 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಎಂಬ ವೈದ್ಯರು ಅಳೆದೇಬಿಟ್ಟರು. ಹೇಗೆ ಗೊತ್ತೇ? ಒಪ್ಪಿದ ಜನರ ಬೆನ್ನಿಗೆ ಸೂಜಿ ತೂರಿಸಿ! ಬರೆಯುವಾಗಲೂ ನನಗೆ ಮೈ ಜುಂ ಅನ್ನುತ್ತದೆ. ನೆಟ್ಟಗೆ ನಿಂತಾಗ ಇದ್ದ ಒತ್ತಡ, ಭಾರ ಹಿಡಿದು ಮುಂದಕ್ಕೆ ಬಾಗಿದಾಗ ಎರಡು ಪಟ್ಟಿಗೂ ಮೀರಿ ಹೋಗಿತ್ತು.

ಸೂಜಿ ಇಲ್ಲದೆ ನೀವೇ ಮಾಡಬಹುದಾದ ಪ್ರಯೋಗ ಒಂದಿದೆ. ಬೆಳಿಗ್ಗೆ ಎದ್ದ ಕೂಡಲೇ ಗೋಡೆಗೆ ಒರಗಿ ನಿಂತು, ತಲೆಯ ಮೇಲೆ ಪುಸ್ತಕ ಇಟ್ಟು ಪೆನ್ಸಿಲಿನಲ್ಲಿ ಗುರುತು ಹಾಕಿಸಿಕೊಳ್ಳಿ. ರಾತ್ರಿ ಮಲಗುವ ಮುಂಚೆ ಮತ್ತೆ ಹಾಕಿಸಿ. (ಅಮ್ಮನನ್ನು ಕೇಳಿ ಗೋಡೆ ಆರಿಸಿಕೊಳ್ಳಿ.) ರಾತ್ರಿಯ ಗೆರೆ ಕೆಳಗಿರುತ್ತದೆ. ದೊಡ್ಡವರಲ್ಲಿ ಈ ಅಂತರ ಸುಮಾರು 1 ಸೆಂಟಿಮೀಟರ್. ಹಗಲೆಲ್ಲ ಮೈಭಾರಕ್ಕೆ ಬಿಲ್ಲೆಗಳಿಂದ ನೀರು ಮೆಲ್ಲಗೆ ಹಿಂಡಿಹೋಗುತ್ತದೆ, ರಾತ್ರಿ ಮಲಗಿದಾಗ ಮತ್ತೆ ಹೀರಿಕೊಂಡು ಉಬ್ಬುತ್ತವೆ. ಹಾಗಾಗಿ ಎದ್ದ ತಕ್ಷಣ ಬಿಲ್ಲೆಗಳು ನೀರು ತುಂಬಿ ಬಿಗಿಯಾಗಿರುತ್ತವೆ. ಹಾಸಿಗೆಯಿಂದ ನೇರ ಹೋಗಿ ಬಗ್ಗಿ ಭಾರ ಎತ್ತುವುದು ಒಳ್ಳೆಯದಲ್ಲ. ಸ್ವಲ್ಪ ಓಡಾಡಿ, ಆಮೇಲೆ.

"ಮೊಣಕಾಲು ಮಡಿಸಿ, ಬೆನ್ನು ನೆಟ್ಟಗಿಟ್ಟು ಎತ್ತಿ" ಎಂದು ಕಾರ್ಖಾನೆಯ ಗೋಡೆಗಳ ಮೇಲೆ ಬರೆದಿರುತ್ತಾರೆ. ಸರಿಯಾದ ಮಾತೇ. ತೊಡೆಯ ಸ್ನಾಯುಗಳು ಮೈಯಲ್ಲೇ ದೊಡ್ಡವು, ಕೆಲಸ ಅವಕ್ಕೇ ಕೊಡಬೇಕು. ಆದರೆ ಅದನ್ನು ಮಂತ್ರ ಮಾಡಿಕೊಳ್ಳಬಾರದು ಅಂತ ನನ್ನ ಅಭಿಪ್ರಾಯ. ಎರಡು ಮೊಣಕಾಲಿನ ನಡುವೆ ಹಿಡಿಯದಷ್ಟು ಅಗಲದ ಪೆಟ್ಟಿಗೆ ಇದ್ದರೆ, ಕುಕ್ಕರಗಾಲಲ್ಲಿ ಕೂತಾಗ ಅದು ಮೊಣಕಾಲಿನಿಂದಾಚೆ, ಇನ್ನೂ ದೂರ ಹೋಗುತ್ತದೆ. ಆಗ ಮಂತ್ರ ಸುಳ್ಳಾಗುತ್ತದೆ, ಸೀಸಾದ ಲೆಕ್ಕ ನಿಜವಾಗುತ್ತದೆ. ಅಂಥ ಪೆಟ್ಟಿಗೆಗೆ ಇನ್ನೊಬ್ಬರನ್ನು ಕೂಗಬೇಕು ಅಷ್ಟೇ.

ಹಮಾಲರು ನಿಮಗೆ ಬಗ್ಗಿದ ಹಾಗೇ ಕಾಣುತ್ತಾರೆ, ಅಲ್ಲವೇ? ಗಮನಿಸಿ ನೋಡಿ. ನೆಲದ ಚೀಲವನ್ನು ಒಬ್ಬನೇ ಎತ್ತುವುದಿಲ್ಲ. ಇಬ್ಬರು ಎರಡು ತುದಿ ಹಿಡಿದು ಎತ್ತಿಕೊಡುತ್ತಾರೆ, ಮೂರನೆಯವನು ಬೆನ್ನು ಕೊಟ್ಟು ಹೆಗಲಿನ ಮಟ್ಟದಲ್ಲಿ ಪಡೆಯುತ್ತಾನೆ. ಚೀಲ ಬೆನ್ನಿನ ಮೇಲೆ ಕೂತ ಮೇಲೆ ಅವನು ಬಾಗುವುದು ಸುಸ್ತಿಗಲ್ಲ. ಚೀಲ ಹಿಂದಕ್ಕೆ ಜಗ್ಗದ ಹಾಗೆ, ಅದರ ಭಾರ ನೇರ ಎರಡು ಪಾದಗಳ ನಡುವೆ ಇಳಿಯುವ ಹಾಗೆ ಮೈಯನ್ನು ಹೊಂದಿಸಿಕೊಳ್ಳುತ್ತಾನೆ. ಮುಂದೆ 50 ಸೆಂಟಿಮೀಟರ್ ದೂರ ಹಿಡಿಯುವ ಭಾರ ಈಗ ಬೆನ್ನಿಗೇ ಅಂಟಿದೆ. ನೀರಿನ ಕೊಡ ಹೊರುವವರು ತಲೆಯ ಮೇಲೆ ಸಿಂಬಿ ಇಟ್ಟು ಕೊಡ ಇಡುವುದೂ ಇದೇ ಜಾಣತನ. ಕೊಡ ಬೆನ್ನುಮೂಳೆಯ ಗೆರೆಯಲ್ಲೇ ನಿಲ್ಲುತ್ತದೆ, ಮುಂದೂ ಇಲ್ಲ, ಹಿಂದೂ ಇಲ್ಲ. ಕೀನ್ಯಾ ದೇಶದ ಹೆಂಗಸರು ಹೀಗೆ ಭಾರ ಹೊತ್ತು ನಡೆಯುವಾಗ ವಿಜ್ಞಾನಿಗಳು ಅವರ ಉಸಿರನ್ನು ಅಳೆದು ನೋಡಿ, 1986ರಲ್ಲಿ ಒಂದು ಸೋಜಿಗ ಪ್ರಕಟಿಸಿದರು. ಮೈತೂಕದ ಐದನೇ ಒಂದು ಭಾಗದವರೆಗೆ ಹೊತ್ತರೂ ಅವರಿಗೆ ಬರಿಗೈಯಲ್ಲಿ ನಡೆದದ್ದಕ್ಕಿಂತ ಹೆಚ್ಚಿನ ಶಕ್ತಿ ಖರ್ಚಾಗಿರಲಿಲ್ಲ.

ಜಾಣತನ ಇದೆ ಅಂತ ಎಷ್ಟಾದರೂ ಹೊರಿಸಬಹುದೇ? ಹಿಂದೆ ಸಕ್ಕರೆ ಚೀಲ 100 ಕೆಜಿ ಇರುತ್ತಿತ್ತು. ಅದನ್ನೂ ಒಬ್ಬನೇ ಹೊರುತ್ತಿದ್ದ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ, ವಯಸ್ಕ ಗಂಡಸು ಹೊರುವ ಭಾರ 55 ಕೆಜಿ ಮೀರಬಾರದು ಎಂದು ಸಲಹೆ ಕೊಟ್ಟಿತು. ಅಮೆರಿಕದ ತಜ್ಞರ ಲೆಕ್ಕ ಇನ್ನೂ ಬಿಗಿ: ಭಾರ ಮೈಗೆ ಹತ್ತಿರ, ಹಿಡಿ ಚೆನ್ನಾಗಿ, ಎಲ್ಲವೂ ಅನುಕೂಲವಾಗಿದ್ದರೂ 23 ಕೆಜಿ ಸಾಕು ಅನ್ನುತ್ತದೆ. ಇಂಗ್ಲೆಂಡಿನಲ್ಲಿ ಸಿಮೆಂಟು 25 ಕೆಜಿ ಚೀಲದಲ್ಲೇ ಬರುತ್ತದೆ. ನಮ್ಮಲ್ಲಿ ಇನ್ನೂ 50. ನಮ್ಮವರ ಬೆನ್ನೇನು ಉಕ್ಕಿನದೇ?

ನಿಮ್ಮ ಚೀಲಕ್ಕೂ ಮಿತಿ ಇದೆ. 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಬ್ಯಾಗು ನಿಮ್ಮ ಮೈತೂಕದ ಹತ್ತನೇ ಒಂದು ಭಾಗ ಮೀರಬಾರದು. 30 ಕೆಜಿ ಇದ್ದೀರಾ? ಬ್ಯಾಗು 3 ಕೆಜಿ. ದಪ್ಪ ಪುಸ್ತಕ ಬೆನ್ನಿನ ಕಡೆಗೆ, ಊಟದ ಡಬ್ಬಿ ಹೊರಗಡೆಗೆ. ಯಾಕೆ ಅಂತ ಈಗ ನಾನು ಹೇಳಬೇಕಾಗಿಲ್ಲ. ಪಟ್ಟಿ ಸಡಿಲ ಬಿಟ್ಟು ಬ್ಯಾಗನ್ನು ಕುಂಡಿಗೆ ಬಡಿಸಿಕೊಂಡು ನಡೆಯುವ ಫ್ಯಾಷನ್ ನನಗಂತೂ ಇಷ್ಟವಿಲ್ಲ.

"ಇರುವೆ ತನಗಿಂತ ಎಷ್ಟೋ ಪಟ್ಟು ಭಾರ ಹೊರುತ್ತದಲ್ಲ, ನಮಗೇಕೆ ಆಗುವುದಿಲ್ಲ?" ಈ ಪ್ರಶ್ನೆ ಯಾವ ಶಾಲೆಗೆ ಹೋದರೂ ಬರುತ್ತದೆ. ಇರುವೆಯನ್ನು ಎಲ್ಲ ಕಡೆಯಿಂದಲೂ ಹತ್ತು ಪಟ್ಟು ಹಿಗ್ಗಿಸಿ. ಅದರ ತೂಕ 10×10×10, ಅಂದರೆ ಸಾವಿರ ಪಟ್ಟಾಗುತ್ತದೆ. ಕಾಲಿನ ಬಲವೋ ಅದರ ದಪ್ಪವನ್ನು ಅವಲಂಬಿಸಿದ್ದು. ಅದು 10×10, ನೂರೇ ಪಟ್ಟು. ಮನುಷ್ಯನ ಗಾತ್ರಕ್ಕೆ ಹಿಗ್ಗಿಸಿದ ಇರುವೆ ಸಕ್ಕರೆ ಹೊರುವುದಿರಲಿ, ತನ್ನನ್ನೇ ಹೊರಲಾರದು. ಇದನ್ನು ಗೆಲಿಲಿಯೋ 1638ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ವಿವರಿಸಿದ್ದಾನೆ, ಅವನ ಉದಾಹರಣೆ ದೊಡ್ಡ ಪ್ರಾಣಿಗಳ ಮೂಳೆ.

ಎತ್ತದೆಯೇ ಏರಿಸುವ ಉಪಾಯಗಳೂ ಇವೆ. ಲಾರಿಗೆ ಪೀಪಾಯಿ ಏರಿಸುವಾಗ ಹಲಗೆ ಒರಗಿಸಿ ಉರುಳಿಸುತ್ತಾರೆ. ಲಾರಿಯ ತಳ 1 ಮೀಟರ್ ಎತ್ತರ, ಹಲಗೆ 4 ಮೀಟರ್ ಉದ್ದ ಅಂದುಕೊಳ್ಳಿ. ತಿಕ್ಕಾಟ ಬಿಟ್ಟು ಲೆಕ್ಕ ಹಾಕಿದರೆ, 100 ಕೆಜಿ ಪೀಪಾಯಿಗೆ 25 ಕೆಜಿಯಷ್ಟು ಬಲ ಸಾಕು. ಪುಕ್ಕಟೆ ಅಲ್ಲ, ನಾಲ್ಕು ಪಟ್ಟು ದೂರ ತಳ್ಳಬೇಕು. ಆದರೆ ದೂರ ನಡೆದರೆ ಯಾರ ಸೊಂಟವೂ ಮುರಿಯುವುದಿಲ್ಲ. ಪೀಪಾಯಿಯ ಕೆಳಗಡೆ ಮಾತ್ರ ಯಾರೂ ನಿಲ್ಲಬಾರದು.

ಚೀಲ ಗೋದಾಮಿಗೆ ಬಂತು. ಈಗ ಒಟ್ಟುವ ಕೆಲಸ. ಚೀಲದ ಅಟ್ಟಿ ಬೀಳುವುದು ಹೇಗೆಂದು ನೋಡಲು ನೋಟುಬುಕ್ಕು ಸಾಕು. ಒಂದರ ಮೇಲೊಂದು ಇಡುತ್ತ ಹೋಗಿ, ಪ್ರತಿ ಪುಸ್ತಕವನ್ನೂ ಕೆಳಗಿನದಕ್ಕಿಂತ ಎರಡು ಬೆರಳಿನಷ್ಟು ಒಂದೇ ಕಡೆಗೆ ಸರಿಸಿ. ಆರೋ ಏಳೋ ಪುಸ್ತಕಕ್ಕೆ ಇಡೀ ಅಟ್ಟಿ ಮಗುಚುತ್ತದೆ. ಯಾವ ಪುಸ್ತಕವೂ ಎರಡು ಬೆರಳಿಗಿಂತ ಹೆಚ್ಚು ತಪ್ಪು ಮಾಡಿಲ್ಲ! ಚಿಕ್ಕ ಚಿಕ್ಕ ಓರೆಗಳು ಕೂಡಿಕೊಂಡು, ಮೇಲಿನವುಗಳ ಭಾರದ ನಡುಬಿಂದು ತಳದ ಅಂಚಿನಿಂದ ಆಚೆ ಬಂತು. ಅದಕ್ಕೇ ಒಳ್ಳೆಯ ಹಮಾಲ ಎರಡು ಮೂರು ಸಾಲಿಗೊಮ್ಮೆ ದೂರ ನಿಂತು, ಒಂದು ಕಣ್ಣು ಮುಚ್ಚಿ ಅಟ್ಟಿಯನ್ನು ನೋಡುತ್ತಾನೆ. ಮೊದಲ ಸಾಲಿನ ಚೀಲ ಉದ್ದಕ್ಕೆ ಮಲಗಿದರೆ ಮೇಲಿನ ಸಾಲು ಅಡ್ಡಕ್ಕೆ, ಗೋಡೆಯ ಇಟ್ಟಿಗೆ ಹಾಗೆ ಒಂದು ಇನ್ನೊಂದನ್ನು ಕಚ್ಚಿ ಹಿಡಿಯಬೇಕು. ಸೆಣಬಿನ ಗೋಣಿ ಒರಟು, ಹಿಡಿದುಕೊಳ್ಳುತ್ತದೆ. ಪ್ಲಾಸ್ಟಿಕ್ ಚೀಲ ನುಣುಪು, ಜಾರುತ್ತದೆ, ಆದ್ದರಿಂದ ಅಟ್ಟಿ ಗಿಡ್ಡವಾಗಿರಬೇಕು. ಇನ್ನು ಅಟ್ಟಿಯ ಕೆಳಗಿನ ಚೀಲ ಬೇಕು ಅಂತ ಅದನ್ನೇ ಎಳೆಯುವವರಿಗೆ ಏನು ಹೇಳುವುದು! ಅಟ್ಟಿಯ ಸಂದಿಯಲ್ಲಿ ಕಣ್ಣಾಮುಚ್ಚಾಲೆ ಆಡಿದ್ದಕ್ಕೆ ನನ್ನ ಅಪ್ಪ ಜೀವಮಾನದಲ್ಲಿ ಒಂದೇ ಸಲ ನನಗೆ ಹೊಡೆದದ್ದು.

ಚೀಲವನ್ನು ಬರಿ ನೆಲದ ಮೇಲೆ ಇಡುವುದಿಲ್ಲ, ಮರದ ಚೌಕಟ್ಟು ಹಾಕಿ ಇಡುತ್ತಾರೆ. ಗೋಡೆಗೂ ತಾಗಿಸುವುದಿಲ್ಲ. ನೆಲ, ಗೋಡೆಗಳಿಂದ ತೇವ ಹತ್ತಬಾರದು ಎಂದು. ತೇವ ಹತ್ತಿದರೆ ಏನು ಮಹಾ ಅನ್ನಬೇಡಿ. ಕಾಳು ಸತ್ತ ವಸ್ತುವಲ್ಲ. ಅದು ಉಸಿರಾಡುತ್ತದೆ. ನಮ್ಮ ಹಾಗೇ ಆಮ್ಲಜನಕ ತಗೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಜೊತೆಗೆ ಸ್ವಲ್ಪ ಬಿಸಿಯನ್ನೂ. ಒಣಗಿದ ಕಾಳಿನ ಉಸಿರು ಬಹಳ ಮೆಲ್ಲಗೆ. ಒದ್ದೆಯಾದರೆ ಏದುಸಿರು! ಬೂಷ್ಟೂ ಹುಳವೂ ಸೇರಿಕೊಂಡು ರಾಶಿಯ ಒಳಗೆ ಕೈ ಹಾಕಿದರೆ ಬೆಚ್ಚಗಾಗುವಷ್ಟು ಬಿಸಿ ಏರುತ್ತದೆ. ಮೆಕ್ಕೆಜೋಳದಲ್ಲಿ ತೇವ ನೂರಕ್ಕೆ 14ಕ್ಕಿಂತ ಹೆಚ್ಚಿರಬಾರದು ಎಂದು ವ್ಯಾಪಾರಿಗಳು ಯಂತ್ರ ಹಿಡಿದು ನೋಡುವುದು ಇದಕ್ಕೇ. ಹುಳಕ್ಕೆ ಔಷಧದ ಮಾತ್ರೆ ಇಟ್ಟು ಮುಚ್ಚಿದ ಗೋದಾಮಿಗಂತೂ ಹೋಗಲೇಬಾರದು, ಆ ಮಾತ್ರೆಯಿಂದ ಬರುವ ಗಾಳಿ ಹುಳವನ್ನೂ ಕೊಲ್ಲುತ್ತದೆ, ಮನುಷ್ಯನನ್ನೂ.

ಕಾಳಿನ ಉಸಿರು ಎಂಥದು ಎಂದು ನಾನು ಕಣ್ಣಾರೆ ನೋಡಿದ್ದು ಅಜ್ಜಿಯ ಊರಿನಲ್ಲಿ, ಹಗೇವು ತೆಗೆದ ದಿನ. ಹಗೇವು ಅಂದರೆ ನೆಲದೊಳಗಿನ ಕಣಜ. ಮೇಲೆ ಒಬ್ಬ ಇಳಿಯುವಷ್ಟು ಬಾಯಿ, ಕೆಳಗೆ ಹೂಜಿಯ ಹಾಗೆ ಅಗಲ. ಒಳಗೆ ಹುಲ್ಲು ಹಾಸಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಇರುತ್ತಿತ್ತು. ಒಳಗಿನ ಆಮ್ಲಜನಕವನ್ನೆಲ್ಲ ಕಾಳು ಮತ್ತು ಹುಳ ಸೇರಿ ಉಸಿರಾಡಿ ಮುಗಿಸುತ್ತವೆ. ಆಮೇಲೆ ಹುಳ ಸಾಯುತ್ತದೆ, ಕಾಳು ಉಳಿಯುತ್ತದೆ. ಯಾವ ಔಷಧವೂ ಬೇಡ. ಆದರೆ ಹುಳಕ್ಕೆ ಇಲ್ಲದ ಗಾಳಿ ಇಳಿಯುವ ಮನುಷ್ಯನಿಗೂ ಇಲ್ಲ. ಇಂಗಾಲದ ಡೈಆಕ್ಸೈಡ್ ಬೇರೆ ಗಾಳಿಗಿಂತ ಭಾರ, ಕಲ್ಲು ತೆಗೆದರೂ ತಳದಲ್ಲೇ ಕೂತಿರುತ್ತದೆ.

ಅವತ್ತು ಕಲ್ಲು ಸರಿಸಿ ಎಲ್ಲರೂ ಹಿಂದೆ ಸರಿದರು. ಯಾರಿಗೂ ಅವಸರವಿಲ್ಲ. ಬಹಳ ಹೊತ್ತಿನ ಮೇಲೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸಿದರು. ಎರಡು ಮಾರು ಹೋಗುವುದರೊಳಗೆ ದೀಪ ಪುಸಕ್ಕನೆ ಆರಿತು. ನಮ್ಮ ಸುತ್ತಲಿನ ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ. ಅದು 16ರ ಹತ್ತಿರ ಇಳಿದರೆ ದೀಪ ಆರುತ್ತದೆ. ಮನುಷ್ಯ ಎಚ್ಚರ ತಪ್ಪುವುದು ಅದಕ್ಕಿಂತ ಕೆಳಗೆ, 10ರ ಆಸುಪಾಸಿನಲ್ಲಿ. ಮನುಷ್ಯ ಬೀಳುವ ಮೊದಲೇ ದೀಪ ಹೇಳಿಬಿಡುತ್ತದೆ. (ಚರಂಡಿ, ಶೌಚದ ಗುಂಡಿಗೆ ಈ ಉಪಾಯ ಕೂಡದು. ಅಲ್ಲಿ ಹೊತ್ತಿಕೊಳ್ಳುವ ಅನಿಲವೂ ವಿಷದ ಅನಿಲವೂ ಇರುತ್ತವೆ. ಯಾರಾದರೂ ಬಿದ್ದರೆ ಹಿಂದೆಯೇ ಇಳಿಯದೆ, ಅಗ್ನಿಶಾಮಕದವರನ್ನು ಕರೆಯಬೇಕು.) "ಇನ್ನೂ ಆಗಿಲ್ಲ ಬಿಡ್ರಿ" ಅಂದ ಹಿರಿಯನೊಬ್ಬ ಬೇವಿನ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸತೊಡಗಿದ. ಗಾಳಿ ಕಲಕಲಿ ಅಂತ.

ಮೂರನೇ ಸಲ ಇಳಿಸಿದ ಲಾಟೀನು ತಳ ಮುಟ್ಟಿಯೂ ಉರಿಯುತ್ತಿತ್ತು. ಆಗ ಒಬ್ಬ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದ. ಮೇಲೆ ಹಗ್ಗ ಹಿಡಿದವನು ಆಗಾಗ "ಓಯ್" ಅನ್ನುವನು, ಕೆಳಗಿನಿಂದ "ಓಯ್" ಅಂತ ಉತ್ತರ. ಮೊದಲ ಬುಟ್ಟಿ ಬಂತು, ಬೆಚ್ಚನೆಯ ಮುಗ್ಗಲು ವಾಸನೆ ಅಂಗಳ ತುಂಬಿತು, ಹೆಂಗಸರು ಕಾಳು ಬಾಯಿಗೆ ಹಾಕಿ ಕಡಿದು ನೋಡಿ ತಲೆಯಾಡಿಸಿದರು. ಎಲ್ಲರೂ ಜೋಳದ ಸುತ್ತ ನೆರೆದರು. ಹಗ್ಗ ಹಿಡಿದವನು ಮಾತ್ರ ಅತ್ತ ತಿರುಗಲಿಲ್ಲ. ಅಜ್ಜಿ ಎಲೆಅಡಿಕೆ ಕೊಡಹೋದರೆ ಕೈ ಚಾಚಲಿಲ್ಲ. "ಅವ್ನು ಮ್ಯಾಲೆ ಬರ್ಲಿ ಅವ್ವಾ" ಅಂದು ಬಾಯಿ ತೆರೆದ, ಅಜ್ಜಿ ನಗುತ್ತ ಅವನ ಬಾಯಿಗೇ ಇಟ್ಟಳು.